ಬಿಸಿಲು ಬೇಡುವ ಗಾಡಿ

ನಿನ್ನೆಯ ಬೂದಿಯನ್ನು ಮರದ ಬುಡಕ್ಕೆ ಸುರಿದು, ಇಸ್ತ್ರಿಪೆಟ್ಟಿಗೆಯ ತಳವನ್ನು ಒದ್ದೆ ಬಟ್ಟೆಯಿಂದ ಒರೆಸಿ ಅಮ್ಮನ ಮುಂದಿಟ್ಟೆ. ಅಮ್ಮ ಇದ್ದಿಲು ಆರಿಸುತ್ತಿದ್ದಳು. ದಪ್ಪನೆಯದನ್ನು ಕಲ್ಲಿಗೆ ಕುಟ್ಟಿ ಎರಡು ಮಾಡಿದಳು, ಪುಡಿಯನ್ನು ಮೊರದ ಅಂಚಿಗೆ ತಳ್ಳಿದಳು, ಗಟ್ಟಿ ಇದ್ದದ್ದನ್ನು ಪೆಟ್ಟಿಗೆಗೆ ತುಂಬಿದಳು. ಮೂರು ಹೆಜ್ಜೆ ಆಚೆ ಹೊಸ ಗಾಡಿ ನಿಂತಿತ್ತು. ಅದರ ನೆತ್ತಿಯ ಮೇಲೆ ಎರಡು ಸೋಲಾರ್ ಪ್ಯಾನೆಲ್, ಕೆಳಗೆ ಬ್ಯಾಟರಿ, ಪಕ್ಕದಲ್ಲಿ ಒಂದು ಪುಟ್ಟ ಮೀಟರ್. ಪ್ಯಾನೆಲ್ಲುಗಳ ಮೇಲೆ ಹೊಂಗೆ ಎಲೆಗಳ ನೆರಳು ಅತ್ತಿತ್ತ ಆಡುತ್ತಿತ್ತು. ಮೀಟರಿನ ದೀಪ ಹತ್ತಿರಲಿಲ್ಲ.

ಚಂದ್ರಾ ಲೇಔಟಿನ ಈ ಹೊಂಗೆ ಮರದ ಕೆಳಗೆ ಅಮ್ಮ ಇಸ್ತ್ರಿ ಶುರು ಮಾಡಿ ಇಪ್ಪತ್ತೆರಡು ವರ್ಷ. ನನಗೂ ಅಷ್ಟೇ ವಯಸ್ಸು. ಎಂಟನೇ ಕ್ಲಾಸಿನಲ್ಲಿದ್ದಾಗ ಅವಳ ಕೆಮ್ಮು ಜೋರಾಯಿತೆಂದು ನಾನು ಸ್ಕೂಲು ಬಿಟ್ಟು ಗಾಡಿಗೆ ಬಂದೆ. ಆದರೂ ಅವಳು ಪೆಟ್ಟಿಗೆ ಬಿಡಲಿಲ್ಲ. ಈ ವರ್ಷ ಡಾಕ್ಟರು, ಇದ್ದಿಲ ಹೊಗೆ ನಿಲ್ಲಿಸದಿದ್ದರೆ ಎದೆ ಉಳಿಯುವುದಿಲ್ಲ ಎಂದು ನನ್ನ ಕಡೆ ನೋಡಿ ಹೇಳಿದರು. ಹೋದ ವರ್ಷ ಗ್ಯಾಸಿನ ಪೆಟ್ಟಿಗೆ ತಂದು ನೋಡಿದ್ದೆವು. ಒಂದು ದಿನ ಟ್ಯೂಬು ಬುಸ್ಸೆಂದಿತು. ಅಮ್ಮ ಅವತ್ತೇ ಅದನ್ನು ವಾಪಸು ಕಳಿಸಿದಳು.

ಸಂಕ್ರಾಂತಿ ಕಳೆದ ಮೇಲೆ, ಸೋಲಾರ್ ಇಸ್ತ್ರಿ ಗಾಡಿ ಹಂಚುವ ಒಂದು ಟ್ರಸ್ಟಿನಿಂದ ಐಶ್ವರ್ಯ ಎನ್ನುವವರು ಬಂದರು. ಅವರ ಕೈಯಲ್ಲೊಂದು ಚಿತ್ರದ ಹಾಳೆ ಇತ್ತು. ಇದ್ದಿಲು, ಗ್ಯಾಸು, ಕರೆಂಟು, ಸೂರ್ಯ, ಒಂದೊಂದರ ಎದುರೂ ಒಂದೊಂದು ಅಳತೆಯ ಹೊಗೆಯ ಮೋಡ. ಸೂರ್ಯನ ಎದುರು ಮೋಡವೇ ಇರಲಿಲ್ಲ. ಕರೆಂಟಿಗೂ ಯಾಕೆ ಮೋಡ ಎಂದು ಅಮ್ಮ ಕೇಳಿದಳು. ರಾಯಚೂರಿನ ಕಡೆ ಕಲ್ಲಿದ್ದಲು ಸುಟ್ಟೇ ಎಷ್ಟೋ ಕರೆಂಟು ಬರುವುದು ಎಂದು ಅವರು ವಿವರಿಸಿದರು.

"ಹಂಗಾದ್ರೆ ಎಲ್ರೂ ಇದ್ದಿಲೇ ಸುಡೋದು ಅನ್ನಿ" ಎಂದಳು ಅಮ್ಮ. "ಅವರ ಹೊಗೆ ದೂರ, ನಮ್ದು ಹತ್ರ."

ಆಮೇಲೆ ಅಮ್ಮ ಬಟ್ಟೆ ಕೊಡಲು ಹೋದಳು. ಐಶ್ವರ್ಯ ಅವರು ತಲೆ ಎತ್ತಿ ಮರವನ್ನು ನೋಡಿದರು. ಹೊಂಗೆ ಎಲೆ ಉದುರಿಸಿ ಬೋಳಾಗಿ ನಿಂತಿತ್ತು. ಬಿಸಿಲು ನೇರ ಗಾಡಿಯ ಮೇಲೆ ಬೀಳುತ್ತಿತ್ತು. ಇಡೀ ದಿನ ಹೀಗೇ ಬಿಸಿಲಿರುತ್ತಾ ಎಂದು ಕೇಳಿದರು. ನಾನು ತಲೆಯಾಡಿಸಿದೆ. ಅವರು ಹಾಳೆಯಲ್ಲಿ ಗುರುತು ಹಾಕಿಕೊಂಡರು. ಇಡೀ ದಿನ ಎಂದು ಕೇಳಿದ್ದರು, ಇಡೀ ವರ್ಷ ಎಂದು ಕೇಳಲಿಲ್ಲ. ಯುಗಾದಿ ಹೊತ್ತಿಗೆ ಈ ಮರ ಹೇಗೆ ತುಂಬಿಕೊಳ್ಳುತ್ತದೆಂದು ನನಗೆ ಗೊತ್ತಿತ್ತು. ಹೇಳಲು ಬಾಯಿ ಬರಲಿಲ್ಲ. ಬಾಯಿ ಬಂದಿದ್ದರೆ ಗಾಡಿ ಬರುತ್ತಿರಲಿಲ್ಲ.

ಗಾಡಿ ಬಂದದ್ದು ಯುಗಾದಿ ಕಳೆದ ವಾರ. ಅಮ್ಮ ಅದಕ್ಕೆ ಅರಿಶಿನ ಕುಂಕುಮ ಇಟ್ಟು, ತಾನೇ ತಳ್ಳಿಕೊಂಡು ಬಂದು ತನ್ನ ಮಾಮೂಲಿ ಜಾಗದಲ್ಲಿ, ಮರದ ಕೆಳಗೆ ನಿಲ್ಲಿಸಿದಳು. ನಾಲ್ಕು ಷರ್ಟು ಆಗುವಷ್ಟರಲ್ಲಿ ಬ್ಯಾಟರಿ ಖಾಲಿಯಾಗಿ, ಗಾಡಿಯ ಕರೆಂಟಿನ ಪೆಟ್ಟಿಗೆ ತಣ್ಣಗಾಯಿತು. ಮಾರನೆಯ ದಿನ ನಾನು ಗಾಡಿಯನ್ನು ರಸ್ತೆಯ ಬಿಸಿಲಿಗೆ ತಳ್ಳಿದೆ. ಕಾರಿನವರು ಹಾರನ್ ಹೊಡೆದರು. ಹನ್ನೆರಡು ಗಂಟೆಗೆ ಅಮ್ಮ ತಲೆ ಸುತ್ತಿ ಕಟ್ಟೆ ಹಿಡಿದು ಕೂತಳು.

"ಹೊಗೆ ತಪ್ತು ಅಂತ ಬಿಸಿಲಲ್ಲಿ ಬೇಯ್ಬೇಕೇನೇ?" ಎಂದು ಕೇಳಿ, ಮೂರನೆಯ ದಿನ ಮತ್ತೆ ಇದ್ದಿಲು ತರಿಸಿದಳು.

ತಿಂಗಳು ತುಂಬುವುದರೊಳಗೆ ಮೀಟರಿನಲ್ಲಿ ಐವತ್ತು ಗಂಟೆಯ ಕೆಲಸ ಆಗಬೇಕು, ಇಲ್ಲದಿದ್ದರೆ ಗಾಡಿ ನಾಯಂಡಹಳ್ಳಿಯ ಇನ್ನೊಬ್ಬರಿಗೆ ಹೋಗುತ್ತದೆ ಎಂದು ಐಶ್ವರ್ಯ ಅವರು ಫೋನಿನಲ್ಲಿ ಹೇಳಿದರು. ಆಗಿದ್ದದ್ದು ಐದು. ನೆರಳಿನ ಮಾತೆತ್ತಿದ್ದಕ್ಕೆ, ತಾವು ಬಂದಾಗ ಮರದಲ್ಲಿ ಎಲೆಯೇ ಇರಲಿಲ್ಲವಲ್ಲ ಎಂದೂ ಕೇಳಿದರು. ನಾನು ಫೋನು ಕಿವಿಗಿಟ್ಟುಕೊಂಡು ತಲೆಯ ಮೇಲಿನ ಎಲೆಗಳನ್ನು ನೋಡಿದೆ. ಅವರೇ ಇಟ್ಟುಬಿಟ್ಟರು.

ಆವತ್ತಿನಿಂದ ನನಗೆ ಒಂದು ಕಡೆ ನಿಲ್ಲಲಾಗುತ್ತಿರಲಿಲ್ಲ. ಅಮ್ಮ ಕೆಮ್ಮಿದರೆ ಮೀಟರು ನೋಡುತ್ತಿದ್ದೆ. ಗಾಳಿ ಬೀಸಿ ಎಲೆ ಸರಿದರೆ ಪ್ಯಾನೆಲ್ಲು ನೋಡುತ್ತಿದ್ದೆ. ಗಾಡಿಯನ್ನು ಒಂದು ಅಡಿ ಆಚೆ, ಅರ್ಧ ಅಡಿ ಈಚೆ ಸರಿಸುತ್ತಿದ್ದೆ. ನೆರಳೂ ಜೊತೆಗೇ ಸರಿಯುತ್ತಿತ್ತು.

ಮರದ ಹಿಂದಿನ ಮನೆ ಗುರುಸಿದ್ದಯ್ಯನವರದು. ಸರ್ಕಾರಿ ಕೆಲಸದಿಂದ ನಿವೃತ್ತರಾದವರು. ಗೇಟಿನ ಮುಂದೆ ಕರೆಂಟಿನ ಕಾರು, ಮಹಡಿಯ ಮೇಲೆ ಸೋಲಾರ್ ನೀರಿನ ಹಂಡೆ. ಪೆಟ್ರೋಲು ಡೀಸೆಲ್ಲಿನ ಕಾಲ ಮುಗಿಯಿತು, ಇನ್ನೇನಿದ್ದರೂ ಸೂರ್ಯನದೇ ಎಂದು ಇಸ್ತ್ರಿಗೆ ಬಟ್ಟೆ ಕೊಡುವಾಗಲೆಲ್ಲ ಹೇಳುತ್ತಿದ್ದರು. ಹೊಂಗೆ ಎಲೆ ಹೂವು ಕಾರಿನ ಮೇಲೆ ಬೀಳುತ್ತದೆಂದು ಅವರಿಗೆ ಮೊದಲಿನಿಂದಲೂ ಬೇಸರ. ನಮ್ಮ ಗಾಡಿ ನೆರಳಿನಲ್ಲಿ ಸತ್ತು ನಿಂತದ್ದನ್ನು ಕಂಡು, ಕೊಂಬೆಗಳನ್ನೆಲ್ಲ ಸವರಿಸಿಬಿಡುತ್ತೇನೆ ಎಂದರು.

"ನಿಮಗೋಸ್ಕರಾನೇ ಮಾಡಿಸ್ತಿರೋದು, ಚಿಕ್ಕಗಂಗಮ್ಮ."

ಅಮ್ಮ ನಕ್ಕಳು. "ಈ ಮರಾನೇ ಒಂದು ಪೆಟ್ರೋಲ್ ಬಂಕು ಸಾರ್. ನಮ್ಮತ್ತೆ ಇದರ ಬೀಜದ ಎಣ್ಣೇಲೇ ದೀಪ ಹಚ್ಚೋರು."

"ಹಂಗಾದ್ರೆ ನನ್ನ ಕಾರಿಗೂ ಒಂದು ಲೀಟರ್ ಹಾಕು ಮತ್ತೆ" ಎಂದು ಅವರೂ ನಕ್ಕು ಒಳಗೆ ಹೋದರು. ಅಮ್ಮನ ನಗು ಅಲ್ಲಿಗೇ ನಿಂತಿತು. ಬೇಡ ಎಂದು ಅವಳೂ ಹೇಳಲಿಲ್ಲ. ಅವರ ಮನೆಯ ಬಟ್ಟೆ ವಾರಕ್ಕೆ ಎರಡು ಗಂಟು ಬರುತ್ತದೆ.

ಇವತ್ತು ಇದ್ದಿಲು ಕೆಂಪಾಗುವಷ್ಟರಲ್ಲಿ ಮರ ಕಡಿಯುವ ವೆಂಕಟೇಶ್ ಏಣಿ ಹೊತ್ತು ಬಂದ. ಜೊತೆಗೆ ಹಗ್ಗ ಹಿಡಿಯಲು ಇನ್ನೊಬ್ಬ. ವೆಂಕಟೇಶ್ ಪೆಟ್ರೋಲ್ ಗರಗಸದ ದಾರ ಎಳೆದ. ಅದು ಎರಡು ಸಲ ಕೆಮ್ಮಿ ಮೂರನೇ ಸಲಕ್ಕೆ ಚೀರಿತು. ಪೆಟ್ರೋಲಿನ ಹೊಗೆ ನಮ್ಮ ಕಡೆಗೇ ಬಂತು. ಅಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

ಮೊದಲ ಕೊಂಬೆ ಬಿತ್ತು. ಅಮ್ಮನ ಇಸ್ತ್ರಿ ಮೇಜಿನ ಮೇಲೆ ಅಂಗೈಯಗಲ ಬಿಸಿಲು ಬಿತ್ತು. ಅಮ್ಮ ಸ್ಟೂಲು ಸರಿಸಿಕೊಂಡಳು. ಎರಡನೆಯದು ಬಿತ್ತು. ಮತ್ತೆ ಸರಿಸಿಕೊಂಡಳು. ಪಕ್ಕದಲ್ಲಿ ಮೀಟರಿನ ದೀಪ ಹಸಿರಾಗಿ ಹತ್ತಿತು. ಇಷ್ಟು ದಿನ ಕಾದ ದೀಪ. ನನಗೆ ಅದನ್ನು ನೋಡಲಾಗಲಿಲ್ಲ. ಮೂರನೆಯ ಕೊಂಬೆ ಬಿದ್ದಾಗ ಅಮ್ಮನಿಗೆ ಸರಿಯಲು ಜಾಗ ಉಳಿದಿರಲಿಲ್ಲ. ಹಿಂದಿನ ಮನೆಯ ಕಾಂಪೌಂಡ್ ಗೋಡೆಗೆ ಒರಗಿ, ಒಂದು ಕೈಯನ್ನು ಹಣೆಗೆ ಅಡ್ಡ ಹಿಡಿದು, ಇನ್ನೊಂದು ಕೈಯಲ್ಲೇ ಷರ್ಟಿನ ಕಾಲರು ತೀಡುತ್ತಿದ್ದಳು.

ನಾನು ಮೇಲೆ ನೋಡಿದೆ. ಬಟ್ಟೆ ಕೊಡಲು ಹೋದಾಗ ಗುರುಸಿದ್ದಯ್ಯನವರ ಮಹಡಿಯನ್ನು ಎಷ್ಟೋ ಸಲ ಕಂಡಿದ್ದೇನೆ. ಒಂದು ಮೂಲೆಯಲ್ಲಿ ನೀರಿನ ಹಂಡೆ. ಉಳಿದದ್ದೆಲ್ಲ ಖಾಲಿ. ಬೆಳಿಗ್ಗೆಯಿಂದ ಸಂಜೆಯವರೆಗೆ ಅಲ್ಲಿ ಬರೀ ಬಿಸಿಲು. ಈ ಯೋಚನೆ ಬಂದು ನಾಲ್ಕು ದಿನವಾಗಿತ್ತು. ನಾಲ್ಕು ದಿನವೂ ಅವರ ಗೇಟಿನವರೆಗೆ ಹೋಗಿ, ಹಾಗೇ ಬಂದಿದ್ದೆ.

ನಾಲ್ಕನೆಯದು ದೊಡ್ಡ ಕೊಂಬೆ, ಅಮ್ಮನ ತಲೆಯ ಮೇಲಿನದು. ಅದಕ್ಕೆ ಹಗ್ಗ ಬಿಗಿದರು. ಗರಗಸದಲ್ಲಿ ಪೆಟ್ರೋಲು ಮುಗಿಯಿತು. ವೆಂಕಟೇಶ್ ಇಳಿದು ಕ್ಯಾನು ತೆಗೆದ. ರಸ್ತೆ ಒಮ್ಮೆಲೇ ನಿಶ್ಶಬ್ದವಾಯಿತು. ಗುರುಸಿದ್ದಯ್ಯನವರು ಗೇಟಿನಲ್ಲಿ ನಿಂತಿದ್ದರು, ಹಿಂದೆ ಅವರ ಹೆಂಡತಿ ಶಿವಗಂಗಮ್ಮನವರು. ನಾನು ಅವರದೇ ಬಿಳಿ ಷರ್ಟನ್ನು ಎರಡೂ ಕೈಯಲ್ಲಿ ಹಿಡಿದು ಅವರ ಮುಂದೆ ಹೋದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

"ಸಾರ್, ಪ್ಯಾನೆಲ್ ಎರಡನ್ನೂ ನಿಮ್ಮ ಮಹಡಿ ಮೇಲೆ ಇಟ್ಕೋತೀವಿ. ವೈರ್ ಒಂದು ಕೆಳಗೆ ಬಿಡ್ತೀವಿ, ಅಷ್ಟೇ. ಈ ಕೊಂಬೆ ಒಂದು ಉಳಿಸಿ."

ಗುರುಸಿದ್ದಯ್ಯನವರು ಮಹಡಿಯ ಕಡೆ ನೋಡಿದರು. ಶಿವಗಂಗಮ್ಮನವರು ಅವರನ್ನು ನೋಡಿದರು. ವೆಂಕಟೇಶ್ ಕ್ಯಾನಿನ ಮುಚ್ಚಳ ತಿರುಗಿಸಿ ಗರಗಸ ಎತ್ತಿಕೊಂಡ. ದಾರಕ್ಕೆ ಬೆರಳು ಸಿಕ್ಕಿಸಿ ನಿಂತ.

"ಇಟ್ಕೋಬಹುದಾ ಸಾರ್?"