ತುಟಿ ಕೂಡಬೇಕಾದ ಮೂವತ್ತು ಸೆಕೆಂಡು

ನನ್ನ ನೋಟ್‌ಬುಕ್ಕಿನಲ್ಲಿ ನಲವತ್ತೆರಡು ಶಾಟ್‌ಗಳಿದ್ದವು. ಒಂದೊಂದಕ್ಕೂ ಪುಟ್ಟ ಚಿತ್ರ ಬರೆದು, ಪಕ್ಕದಲ್ಲಿ ಹಾಡಿನ ಸಾಲು, ಎಷ್ಟು ಸೆಕೆಂಡು, ಬಿಸಿಲು ಯಾವ ಕಡೆಯಿಂದ ಬೀಳಬೇಕು ಎಂಬುದನ್ನೂ ಗುರುತು ಹಾಕಿದ್ದೆ. ಅಷ್ಟು ಅಚ್ಚುಕಟ್ಟಾಗಿ ನಾನು ಬದುಕಿನಲ್ಲಿ ಬೇರೇನನ್ನೂ ಮಾಡಿದವಳಲ್ಲ. ವಿಡಿಯೋ ಡಿಪ್ಲೊಮಾದ ಕೊನೆಯ ಪರೀಕ್ಷೆ ಎಂದರೆ ಒಂದು ಹಾಡಿನ ವಿಡಿಯೋ, ಹೋದ ವರ್ಷ ನಾನು ಅದರಲ್ಲಿ ಡುಮ್ಕಿ ಹೊಡೆದಿದ್ದೆ. ಮೂರನೇ ಅವಕಾಶ ಕೊಡುವುದಿಲ್ಲ. ಅಕ್ಕನೂ ಹೇಳಿಬಿಟ್ಟಿದ್ದಳು, "ಈ ಸಲನೂ ಹೋದ್ರೆ ಒಂದನೇ ತಾರೀಖಿಂದ ನನ್ ಜೊತೆ ಲಾಂಡ್ರಿಗೆ ಬಾ. ನನ್ ಕೈಲಿ ಇನ್ನಾಗಲ್ಲ ಕಣೆ."

ಅಕ್ಕನಿಗೆ ಆಸ್ಪತ್ರೆಯ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯಲ್ಲಿ ರಾತ್ರಿ ಪಾಳಿ. ಬೆಳಿಗ್ಗೆ ಏಳಕ್ಕೆ ಬಂದು, ನಮ್ಮಿಬ್ಬರಿಗಿರುವ ಒಂದೇ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗುತ್ತಾಳೆ. "ನಿದ್ದೆ ಬಂತಾ ಅಕ್ಕಾ?" ಎಂದು ಕೇಳುತ್ತೇನೆ. ಉತ್ತರ ಬರದಿದ್ದರೆ ಬಂತು ಎಂದರ್ಥ. ಆಮೇಲೆ ಲ್ಯಾಪ್‌ಟಾಪ್ ತೆರೆದು, ಸಣ್ಣ ದನಿಯಲ್ಲಿ ಹಾಡು ಹಾಕಿಕೊಂಡು ಶಾಟ್‌ಗಳನ್ನು ಯೋಚಿಸುತ್ತ ಕೂರುತ್ತಿದ್ದೆ. ಹೆಡ್‌ಫೋನಿನಲ್ಲಿ ಕೇಳಿದರೆ ಹಾಡಿನ ತೂಕ ಗೊತ್ತಾಗುವುದಿಲ್ಲ ಎಂಬುದು ನನ್ನದೊಂದು ಘನ ಸಿದ್ಧಾಂತ. ಹೀಗೆ ಎರಡು ತಿಂಗಳು ನಡೆಯಿತು.

ಹಾಡು ಬುಗುರಿ ತಾನೇ ಕಟ್ಟಿ ಹಾಡಿದ್ದು, ನನ್ನ ಲ್ಯಾಪ್‌ಟಾಪ್ ಬಿಟ್ಟು ಇನ್ನೂ ಎಲ್ಲೂ ಹೊರಬಂದಿರಲಿಲ್ಲ. ನನ್ನ ಜೊತೆ ಓದುವವಳು, ಒಂದು ಕಡೆ ನಿಲ್ಲದ ಕಾಲು, ಅದಕ್ಕೇ ಆ ಹೆಸರು. ಹತ್ತಿ ಹತ್ತಿ ಸುಸ್ತಾದ ಹೆಂಗಸೊಬ್ಬಳು "ಇನ್ನೊಂದೇ ಮೆಟ್ಟಿಲು" ಎಂದು ತನಗೆ ತಾನೇ ಸುಳ್ಳು ಹೇಳಿಕೊಳ್ಳುವ ಹಾಡು. ಲಾಂಡ್ರಿಯ ತಾರಸಿಯ ಮೇಲೆ ಸಾಲುಸಾಲಾಗಿ ಒಣಗುವ ಬಿಳಿ ಬೆಡ್‌ಶೀಟುಗಳ ನಡುವೆ ಬುಗುರಿ ಹಾಡುತ್ತ ಓಡುವುದು ನನ್ನ ಯೋಜನೆ. ಪರೀಕ್ಷೆಯ ಒಂದು ನಿಯಮದಲ್ಲಿ ಮಾತ್ರ ಜಗ್ಗಾಟವಿಲ್ಲ: ಕನಿಷ್ಠ ಮೂವತ್ತು ಸೆಕೆಂಡು ಪರದೆಯ ಮೇಲಿನ ತುಟಿ ಹಾಡಿನ ಮಾತಿಗೆ ಸರಿಯಾಗಿ ಕೂಡಬೇಕು. ಇಲ್ಲದಿದ್ದರೆ ಉಳಿದದ್ದು ಎಷ್ಟೇ ಚೆನ್ನಾಗಿರಲಿ, ಫೇಲು.

ಅಕ್ಕ ಮೇಲ್ವಿಚಾರಕಿಯ ಮುಂದೆ ಹಲ್ಲುಗಿಂಜಿ ಒಂದು ಭಾನುವಾರ ತಾರಸಿ ಕೊಡಿಸಿದಳು. ಅದಕ್ಕೆ ಬದಲಾಗಿ ರಾತ್ರಿ ಪಾಳಿ ಮುಗಿಸಿ, ಮನೆಗೆ ಬರದೆ ಹಗಲು ಪಾಳಿಯನ್ನೂ ಮಾಡಬೇಕಿತ್ತು. ಕ್ಯಾಮೆರಾ ಕಾಲೇಜಿನದು. ಸಂಜೆ ನಾಲ್ಕಕ್ಕೆ ಹಿಂದಿರುಗಿಸಬೇಕು, ಬುಧವಾರ ವಿಡಿಯೋ ಒಪ್ಪಿಸಬೇಕು.

ಭಾನುವಾರ ಎಂಟಕ್ಕೆ ಬುಗುರಿ ಬಂದಳು. ಎಡಗೆನ್ನೆ ಬನ್ನಿನ ಹಾಗೆ ಊದಿಕೊಂಡಿತ್ತು.

"ಬಾಯಿ ತೆಗಿ," ಎಂದೆ.

"ಆಗಲ್ಲ," ಎಂದಳು ಹಲ್ಲು ಕಚ್ಚಿಕೊಂಡೇ. "ಬುದ್ಧಿಹಲ್ಲು."

"ಇಷ್ಟು ವರ್ಷ ಬರದೇ ಇದ್ದ ಬುದ್ಧಿ ಇವತ್ತೇ ಬರಬೇಕಿತ್ತಾ?"

ಅವಳು ನಗಲು ಹೋಗಿ ಕೆನ್ನೆ ಹಿಡಿದುಕೊಂಡಳು. ನಾನೇ ತುಟಿ ಆಡಿಸೋಣವೆಂದರೆ, ಪರೀಕ್ಷೆಗೆ ಕೂತವರು ತಮ್ಮ ವಿಡಿಯೋದಲ್ಲಿ ತಾವೇ ಮುಖ ತೋರಿಸುವಂತಿಲ್ಲ. "ನಿಮ್ಮಕ್ಕ?" ಎಂದಳು ಬುಗುರಿ.

"ಅವಳಿಗೆ ಹಾಡೇ ಗೊತ್ತಿಲ್ಲ. ಬಂದ ತಕ್ಷಣ ಮಲಗ್ತಾಳೆ. ಒಂದು ಸಾಲೂ ಕಿವಿಗೆ ಬಿದ್ದಿರಲ್ಲ."

ಬುಗುರಿಯನ್ನು ಬೆನ್ನಿನ ಕಡೆಯಿಂದಾದರೂ ತೆಗೆಯೋಣ ಎಂದು ಕ್ಯಾಮೆರಾ ನಿಲ್ಲಿಸುವಷ್ಟರಲ್ಲಿ ಮೇಲ್ವಿಚಾರಕಿ ಮೆಟ್ಟಿಲು ಹತ್ತಿ ಬಂದರು. "ಆಸ್ಪತ್ರೆಯಿಂದ ಫೋನ್ ಬಂತಮ್ಮ. ಹತ್ತರೊಳಗೆ ಅಷ್ಟೂ ಶೀಟು ಬೇಕಂತೆ. ನಾನೇನೂ ಮಾಡಕ್ಕಾಗಲ್ಲ." ನಾಲ್ಕು ಹೆಂಗಸರು ಬಂದು ಹತ್ತೇ ನಿಮಿಷದಲ್ಲಿ ತಾರಸಿಯನ್ನು ಬೋಳು ಮಾಡಿದರು. ನಲವತ್ತೆರಡು ಶಾಟ್‌ಗಳಲ್ಲಿ ನನಗೆ ಉಳಿದದ್ದು ಹಗ್ಗ ಮತ್ತು ಕ್ಲಿಪ್ಪು.

ನಾನು ತಲೆಯ ಮೇಲೆ ಕೈಹೊತ್ತು ಕೂತೆ. ಅಳು ಬರಲಿಲ್ಲ, ಅಳುವುದಕ್ಕೂ ಒಂದಿಷ್ಟು ತ್ರಾಣ ಬೇಕು. ಕೊನೆಯ ಬುಟ್ಟಿ ಒಯ್ಯಲು ಬಂದ ಅಕ್ಕ ನನ್ನನ್ನು ನೋಡಿದಳು. ಹಿಂದಿನ ಸಂಜೆಯಿಂದ ನಿಂತೇ ಇದ್ದವಳು.

"ಕೂತ್ರೆ ಆಗುತ್ತಾ? ಕೆಳಗೆ ಬಾ. ಶೀಟೆಲ್ಲ ಅಲ್ಲೇ ಇದಾವಲ್ಲ."

ಕೆಳಗಿನ ಹಾಲಿನಲ್ಲಿ ಯಂತ್ರಗಳ ಗದ್ದಲಕ್ಕೆ ಪಕ್ಕದವರ ಮಾತೂ ಕೇಳಿಸುವುದಿಲ್ಲ. ಇಸ್ತ್ರಿಯ ರೋಲರಿನಿಂದ ಶೀಟು ಬಿಸಿಬಿಸಿಯಾಗಿ ಹೊರಬೀಳುತ್ತದೆ. ಇಬ್ಬರು ಎರಡೆರಡು ತುದಿ ಹಿಡಿದು ಹಿಂದೆ ಸರಿಯುತ್ತಾರೆ, ಕೊಡವುತ್ತಾರೆ, ಎದುರುಬದುರು ನಡೆದು ಬಂದು ತುದಿಗೆ ತುದಿ ಕೂಡಿಸುತ್ತಾರೆ, ಮತ್ತೆ ಹಿಂದೆ ಸರಿಯುತ್ತಾರೆ. ಮಧ್ಯೆ ಒಂದು ಹೆಜ್ಜೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಅಕ್ಕ ಕೆಲಸ ಮಾಡುವುದನ್ನು ನಾನು ಅದುವರೆಗೆ ನೋಡಿರಲಿಲ್ಲ. ಬಿಳಿ ಶೀಟುಗಳ ಚಿತ್ರ ಬರೆದೂ ಬರೆದೂ ಪೆನ್ಸಿಲ್ ಸವೆಸಿದ್ದೆ, ಅವುಗಳನ್ನು ಮಡಚುವವರು ಯಾರೆಂದು ಒಂದು ಸಲವೂ ಯೋಚಿಸಿರಲಿಲ್ಲ. ನಾಚಿಕೆಯಾಯಿತು.

ನೋಟ್‌ಬುಕ್ ಚೀಲಕ್ಕೆ ತುರುಕಿ, ಅಕ್ಕನ ಎದುರಿನ ತುದಿಯನ್ನು ಬುಗುರಿಗೆ ಕೊಡಿಸಿದೆ. ಅವಳ ಬೆನ್ನು ನನ್ನ ಕಡೆಗೆ, ಅಕ್ಕನ ಮುಖ ಕ್ಯಾಮೆರಾದ ಕಡೆಗೆ. ಬುಗುರಿ ಮೂರು ಶೀಟು ಹಾಳು ಮಾಡಿದ ಮೇಲೆ ಲಯಕ್ಕೆ ಬಂದಳು. ಹತ್ತಕ್ಕೆ ಆ ಶೀಟುಗಳು ಹೋದ ಮೇಲೂ ಒಗೆದ ಬುಟ್ಟಿಗಳು ಬರುತ್ತಲೇ ಇದ್ದವು, ಮೂರೂವರೆಯವರೆಗೆ ತೆಗೆದೆ. ಹೊರಗೆ ಬಂದಾಗ, "ಚೆನ್ನಾಗಿ ಬಂತಾ?" ಎಂದಳು ಅಕ್ಕ. "ಬಂತು," ಎಂದೆ. ತುಟಿಯ ಮೂವತ್ತು ಸೆಕೆಂಡಿನ ವಿಷಯ ಎತ್ತಲು ಬಾಯಿ ಬರಲಿಲ್ಲ. ಲಾಂಡ್ರಿಯೇ ಗತಿ ಎಂದು ಮನಸ್ಸಿನಲ್ಲೇ ಒಪ್ಪಿಕೊಂಡಿದ್ದೆ.

ಮಂಗಳವಾರ ಬೆಳಿಗ್ಗೆ ಅಕ್ಕ ಬಂದು ಮಲಗಿದಳು. "ನಿದ್ದೆ ಬಂತಾ ಅಕ್ಕಾ?" ಉತ್ತರವಿಲ್ಲ. ಲ್ಯಾಪ್‌ಟಾಪ್ ತೆರೆದು ದೃಶ್ಯಗಳ ಕೆಳಗೆ ಹಾಡನ್ನು ಜೋಡಿಸತೊಡಗಿದೆ. ಒಂದು ಕಡೆ, ಶೀಟು ಎತ್ತುವಾಗ, ಅಕ್ಕನ ತುಟಿ ಅಲುಗಿದ್ದು ಕಂಡಿತು. ಬುಗುರಿಗೆ ಏನೋ ಹೇಳುತ್ತಿರಬೇಕು ಎಂದುಕೊಂಡೆ. ದೊಡ್ಡದು ಮಾಡಿ ನೋಡಿದೆ. 'ಮೆಟ್ಟಿಲು' ಎನ್ನಲು ಮೊದಲು ಎರಡೂ ತುಟಿ ಕೂಡಲೇಬೇಕು. ಕೂಡಿದವು. ಮುಂದಿನ ಸಲ ಆ ಮಾತು ಬರುವಲ್ಲಿ ಮತ್ತೆ ಕೂಡಿದವು. ನಡುವಿನ ಮಾತುಗಳೂ ಒಂದೂ ತಪ್ಪದೆ ಇದ್ದವು. ಆ ಗದ್ದಲದಲ್ಲಿ, ಯಾರಿಗೂ ಕೇಳದಂತೆ, ಅಕ್ಕ ಇಡೀ ಹಾಡು ಹಾಡಿದ್ದಳು. ಸಾಲುಗಳನ್ನು ಚೂರು ಹಿಂದೆ ಮುಂದೆ ಸರಿಸಿ ಕೂಡಿಸಿದೆ. ಪಲ್ಲವಿ ಮತ್ತು ಮೊದಲ ಚರಣ ಸೇರಿ ಮೂವತ್ತೆಂಟು ಸೆಕೆಂಡು. ನಾನು ಪಾಸು.

ಖುಷಿ ಒಂದು ಕ್ಷಣವೂ ನಿಲ್ಲಲಿಲ್ಲ. ಈ ಹಾಡು ಈ ಕೋಣೆ ಬಿಟ್ಟು ಬೇರೆಲ್ಲೂ ಅವಳ ಕಿವಿಗೆ ಬೀಳಲು ಸಾಧ್ಯವಿರಲಿಲ್ಲ. ಎರಡು ತಿಂಗಳು, ದಿನಾ ಬೆಳಿಗ್ಗೆ. ಹಾಡು ನಿಲ್ಲಿಸಿದೆ.

"ಯಾಕ್ ನಿಲ್ಲಿಸ್ದೆ?" ಎಂದಿತು ಗೋಡೆಯ ಕಡೆಯಿಂದ ಅಕ್ಕನ ದನಿ. "ಎರಡನೇ ಚರಣ ಇನ್ನೂ ಬಂದಿಲ್ಲ."

"ಅಕ್ಕಾ, ನೀನು ಇಷ್ಟು ದಿನ ನಿದ್ದೇನೇ ಮಾಡ್ಲಿಲ್ವಾ?"

"ಮಾಡ್ತೀನಿ ಬಿಡು. ನೀ ಪಾಸಾಗು ಮೊದಲು."

ಅವಳು ಈ ಕಡೆ ತಿರುಗಲಿಲ್ಲ. ನಾನು ಅವಳ ಕಾಲಿನ ಮೇಲೆ ಹೊದಿಕೆ ಎಳೆದೆ, ಲ್ಯಾಪ್‌ಟಾಪ್ ಎತ್ತಿಕೊಂಡು, ಮೂಲೆಯಲ್ಲಿ ಧೂಳು ಹಿಡಿದು ಬಿದ್ದಿದ್ದ ಹೆಡ್‌ಫೋನನ್ನೂ ತೆಗೆದುಕೊಂಡು ಹೊರಗೆ ಬಂದು, ಬಾಗಿಲು ಸದ್ದಾಗದಂತೆ ಎಳೆದುಕೊಂಡೆ. ಎರಡನೇ ಚರಣವನ್ನು ಮೆಟ್ಟಿಲ ಮೇಲೆ ಕೂತು ಮುಗಿಸಿದೆ.