ಮ್ಯಾಚಿನ ದಿನದ ಕುರ್ಚಿಗಳು

ಅವರ ಮೇಲೆ ಮ್ಯಾಚು ಇದೆಯೆಂದು ಗೊತ್ತಾದ ದಿನದಿಂದಲೇ ಸೋಫಾಣ್ಣ ಸುಳ್ಳು ಹೇಳಲು ಶುರುಮಾಡಿದ್ದ. ಸುಳ್ಳು ಅವನ ಜಾಯಮಾನವಲ್ಲ. ಆದರೆ ಗಿರಾಕಿಗಳು ಫೋನು ಮಾಡಿ "ನಮ್ಮ ಕುರ್ಚಿ ಆಯ್ತಾ?" ಎಂದು ಕೇಳಿದರೆ, ಕೆಲಸ ಮುಗಿದು ಗೋಡೆಗೆ ಒರಗಿ ನಿಂತ ಕುರ್ಚಿಯನ್ನು ನೋಡುತ್ತಲೇ, "ಇನ್ನು ಸ್ವಲ್ಪ ಉಳಿದಿದೆ, ಭಾನುವಾರ ಕಳೀಲಿ, ಖಂಡಿತ" ಎನ್ನುತ್ತಿದ್ದ. ಫೋನು ಇಟ್ಟ ಮೇಲೆ ಆ ಕುರ್ಚಿಯ ಮೇಲೆ ಇಲ್ಲದ ಧೂಳನ್ನು ಒಮ್ಮೆ ಒರೆಸುತ್ತಿದ್ದ, ತಪ್ಪಾಯಿತು ಎನ್ನುವ ಹಾಗೆ.

ಹಳೆಯ ಸೋಫಾ, ಕುರ್ಚಿಗಳಿಗೆ ಹೊಸ ಬಟ್ಟೆ ಹೊದಿಸುವುದು ಅವನ ಕಸುಬು. ಅಪ್ಪ ಹಾಕಿದ ಅಂಗಡಿ. ಆ ಬೀದಿಗೆ ಮೊದಲು ಟೀವಿ ಬಂದದ್ದೂ ಈ ಅಂಗಡಿಗೇ. ಮ್ಯಾಚು ನೋಡಲು ಇದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ. ಯಾಕೆಂದರೆ ಇಷ್ಟು ಕುರ್ಚಿಗಳು ಬೇರೆಲ್ಲಿ ಸಿಗಬೇಕು? ಎಲ್ಲ ಗಿರಾಕಿಗಳವೇ. ಹೊಸ ಬಟ್ಟೆ ತೊಟ್ಟವು, ಗೋಣಿಪಟ್ಟಿ ಮಾತ್ರ ಬಿಗಿಸಿಕೊಂಡವು, ಹೊಟ್ಟೆ ಬಗೆದು ಸ್ಪ್ರಿಂಗು ಹೊರಬಿದ್ದವು. ಬೀಗ ರಿಪೇರಿಯವನು ಯಾರೋ ಸಾಹುಕಾರರ ಸೋಫಾದಲ್ಲಿ ಕಾಲ ಮೇಲೆ ಕಾಲು ಹಾಕಿ ಕೂರುತ್ತಿದ್ದ. ಸ್ಪ್ರಿಂಗಿನ ಕುರ್ಚಿ ಸಿಕ್ಕವನು ಸಿಕ್ಸರ್ ಬಿದ್ದಾಗ ಎಲ್ಲರಿಗಿಂತ ಎತ್ತರಕ್ಕೆ ಹಾರುತ್ತಿದ್ದ. "ಅದು ದೇಶಭಕ್ತಿ ಅಲ್ಲಪ್ಪಾ, ಸ್ಪ್ರಿಂಗು" ಎಂದು ಉಳಿದವರು ನಗುತ್ತಿದ್ದರು. ಎದುರಿನ ದೇಶದ ಹೆಸರನ್ನು ಅಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. 'ಅವರು' ಎಂದರೆ ಸಾಕು, ಬಾಗಿಲಲ್ಲಿ ಮಲಗಿದ ನಾಯಿಗೂ ತಿಳಿಯುತ್ತಿತ್ತು.

ಹಾಗಾಗಿ ಮ್ಯಾಚಿಗೆ ಮುಂಚೆ ಯಾವ ಕುರ್ಚಿಯನ್ನೂ ಹೊರಗೆ ಕಳಿಸಬಾರದು ಎನ್ನುವುದು ಅಪ್ಪನ ಕಾಲದ ಕಟ್ಟಳೆ. ಸೋಫಾಣ್ಣ ಅದನ್ನು ಇವತ್ತಿಗೂ ಮೀರಿರಲಿಲ್ಲ. ಆದರೆ ಈ ಸಲ ಅವನು ಕುರ್ಚಿಗಳನ್ನು ತಡೆಹಿಡಿದದ್ದು ಬೀದಿಯ ಜನಕ್ಕಾಗಿ ಅಲ್ಲ, ತಮ್ಮನಿಗಾಗಿ.

ಅಣ್ಣತಮ್ಮ ಒಂದೇ ಅಂಗಡಿಯಲ್ಲಿ ಬೆಳೆದವರು. ಅಣ್ಣ ಹೊಲಿಯುವುದು, ತಮ್ಮ ಕೊನೆಯ ಕೆಲಸ ಮುಗಿಸುವುದು. ಸೋಫಾಕ್ಕೆ ಬಟ್ಟೆ ಎಳೆದು ಕಟ್ಟುವಾಗ ಕಾಲುಗಳನ್ನು ಬಿಚ್ಚಿಡುತ್ತಾರೆ. ಅಂಗಡಿಯ ಬಾಗಿಲು ಇಕ್ಕಟ್ಟು. ಕಾಲು ಸಮೇತ ಸಾಗಿಸಿದರೆ ಚೌಕಟ್ಟಿಗೆ ತಾಗಿ ಬಟ್ಟೆ ಹರಿಯುತ್ತದೆ. ಅದಕ್ಕೇ ಸೋಫಾ ಹೊರಗೆ ಬಂದ ಮೇಲೆ, ಗಾಡಿಗೆ ಏರುವ ಮುಂಚೆ, ತಮ್ಮ ಅದನ್ನು ಮಗುಚಿ ಕಾಲುಗಳನ್ನು ತಿರುಪಿ ಕೂರಿಸುತ್ತಿದ್ದ. ಒಂದು ದಿನ ಅವನಿಗೂ ಹೊಲಿಯುವ ಆಸೆಯಾಯಿತು. ಹೊಲಿದ. ಗಿರಾಕಿಯ ಎದುರಿಗೇ ಅಣ್ಣ ಆ ಹೊಲಿಗೆಯನ್ನು ಬಿಚ್ಚಿ ಮತ್ತೆ ಹೊಲಿದ. ಬೈಯಲಿಲ್ಲ, ಒಂದು ಮಾತೂ ಆಡಲಿಲ್ಲ, ಬಿಚ್ಚಿದ ಅಷ್ಟೆ. ಮರುದಿನದಿಂದ ತಮ್ಮ ಅಂಗಡಿಗೆ ಬರಲಿಲ್ಲ. ಸಾಮಾನು ಸಾಗಿಸುವ ಗಾಡಿ ಇಟ್ಟುಕೊಂಡ. ಮಾತು ಬಿಟ್ಟ.

ಆದರೆ ಅವರ ಮೇಲೆ ಮ್ಯಾಚು ಎಂದರೆ ಮಾತ್ರ ಬರುತ್ತಿದ್ದ. ಬಾಗಿಲ ಪಕ್ಕದ ಒಂಟಿ ಕುರ್ಚಿಯಲ್ಲಿ ಕೂತು "ಟಾಸು ಯಾರದು?" ಎನ್ನುತ್ತಿದ್ದ. ಅಲ್ಲಿಂದ ಸಂಜೆಯವರೆಗೆ ಇಬ್ಬರೂ ಮಾತಾಡಿದ್ದೇ ಮಾತಾಡಿದ್ದು. ಯಾರನ್ನು ಯಾಕೆ ಆಡಿಸಿದರು, ಆ ಕ್ಯಾಚು ಹೇಗೆ ಬಿಟ್ಟ ಮುಠ್ಠಾಳ. ನಡುನಡುವೆ, ಜಾಹೀರಾತು ಬಂದಾಗ, ಮಗಳು ಓದುತ್ತಿದ್ದಾಳೆ, ಹೆಂಡತಿಗೆ ಮಂಡಿನೋವು, ಹೀಗೆ ಎರಡು ಮಾತು ನುಸುಳುತ್ತಿದ್ದವು. ಮ್ಯಾಚು ಮುಗಿದರೆ ಎದ್ದು ಹೋಗುತ್ತಿದ್ದ. ಮುಂದಿನ ಮ್ಯಾಚಿನವರೆಗೆ ಮತ್ತೆ ಮೌನ. ಹೋದ ಸಲ ಬಂದಿರಲಿಲ್ಲ. "ಎಲ್ಲೋ ದೂರದ ಬಾಡಿಗೆ ಇರಬೇಕು" ಎಂದು ಸೋಫಾಣ್ಣ ತನಗೆ ತಾನೇ ಹೇಳಿಕೊಂಡಿದ್ದ.

ಈಗ ತಮ್ಮನ ಮಗಳಿಗೆ ಮದುವೆ ಗೊತ್ತಾಗಿದೆ ಎಂಬ ಸುದ್ದಿ ದಾರದ ಅಂಗಡಿಯವನ ಬಾಯಿಂದ ಬಂದಿತ್ತು. ಎತ್ತಿ ಆಡಿಸಿದ ಕೂಸು. ಅವಳ ಮದುವೆಯ ಸುದ್ದಿ ದೊಡ್ಡಪ್ಪನಿಗೆ ದಾರ ಕೊಳ್ಳುವಾಗ ತಿಳಿಯಬೇಕೆ?

"ರೀ, ಒಂದು ಫೋನ್ ಮಾಡಿ ಕರೀಬಾರ್ದಾ?" ಎಂದಳು ಹೆಂಡತಿ. "ನೀವಿಬ್ರು ಮಾತಾಡೋಕೆ ಮೈದಾನದಲ್ಲಿ ಇಪ್ಪತ್ತೆರಡು ಜನ ಓಡಾಡ್ಬೇಕಾ?"

"ಕರೆದ್ರೆ ಕರೆದ ಹಾಗಾಗುತ್ತೆ. ಅವನಾಗೇ ಬರ್ಬೇಕು. ಬರ್ತಾನೆ. ಮ್ಯಾಚಿಗೆ ಬರ್ದೇ ಎಲ್ಲಿ ಹೋಗ್ತಾನೆ?"

"ಹೋದ ಸಲ ಎಲ್ಲಿಗೆ ಹೋಗಿದ್ನೋ ಅಲ್ಲಿಗೆ."

ಭಾನುವಾರ ಬೆಳಿಗ್ಗೆ ಸೋಫಾಣ್ಣ ನೆಲ ಗುಡಿಸಿ ಕುರ್ಚಿಗಳನ್ನು ಸಾಲಾಗಿ ಇಟ್ಟ. ಕಾಲು ಬಿಚ್ಚಿದ್ದ ಉದ್ದನೆಯ ಸೋಫಾವನ್ನು ಮುಂದಿನ ಸಾಲಿಗೆ ಹಾಕಿದ. ತಗ್ಗಾಗಿದ್ದರೆ ಹಿಂದಿನವರಿಗೆ ಅಡ್ಡವಾಗುವುದಿಲ್ಲ. ಅದರ ನಾಲ್ಕು ಕಾಲುಗಳನ್ನು ತಗಡಿನ ಡಬ್ಬಕ್ಕೆ ಹಾಕಿ ಟೀವಿಯ ಕೆಳಗೆ ಸರಿಸಿದ. ಬಾಗಿಲ ಪಕ್ಕ ಒಂಟಿ ಕುರ್ಚಿ ಇಟ್ಟ. ಟೀವಿ ಹಾಕಿ ಕಾದ.

ಟಾಸು ಆಯಿತು. ಮೊದಲ ಓವರು ಆಯಿತು. ಪಕ್ಕದ ಕಟಿಂಗ್ ಅಂಗಡಿಯವನು ಕತ್ತರಿ ಹಿಡಿದುಕೊಂಡೇ ಇಣುಕಿದ.

"ಬಾರೋ, ಕೂತ್ಕೋ. ನಿನ್ನ ಸ್ಪ್ರಿಂಗಿನ ಕುರ್ಚಿ ಇದೆ."

"ಗಿರಾಕಿ ತಲೆ ಅರ್ಧ ಆಗಿದೆ ಅಣ್ಣಾ. ಸ್ಕೋರು ಫೋನಲ್ಲೇ ಬರುತ್ತಲ್ಲ."

"ಅವರ ಮೇಲೆ ಮ್ಯಾಚು ಕಣೋ!"

"ಅವರಲ್ಲಿ ಈಗ ಏನು ಉಳಿದಿದೆ ಅಣ್ಣಾ? ಅವರು ಸೋಲೋದನ್ನ ನೋಡೋಕೆ ಕುರ್ಚಿ ಬೇರೆ ಬೇಕಾ? ನಿಂತ್ಕೊಂಡು ನೋಡೋದ್ರಲ್ಲಿ ಮುಗಿಯುತ್ತೆ." ಕತ್ತರಿ ಆಡಿಸುತ್ತ ಹೋಗೇಬಿಟ್ಟ.

ಬೀಗ ರಿಪೇರಿಯವನು ಬೀದಿಯಲ್ಲಿ ಹೋಗುತ್ತಿದ್ದವನು ಒಳಗೆ ನೋಡಿ ಕೈ ಎತ್ತಿದ. ನಿಲ್ಲಲಿಲ್ಲ.

ಸೋಫಾಣ್ಣ ಖಾಲಿ ಕುರ್ಚಿಗಳ ಮಧ್ಯೆ ಒಬ್ಬನೇ ಕೂತ. ಅವರ ವಿಕೆಟ್ಟುಗಳು ಒಂದರ ಹಿಂದೊಂದು ಬೀಳುತ್ತಿದ್ದವು. ಹಿಂದೆ ಒಂದೊಂದು ವಿಕೆಟ್ಟಿಗೂ ಅಂಗಡಿಯ ತಗಡಿನ ಸೂರು ಹಾರಿಹೋಗುವಂಥ ಕೂಗು. ಈಗ ಅವನ ಬಾಯಿಂದಲೂ ಕೂಗು ಬರಲಿಲ್ಲ. ಹಗೆ ಎಂದರೂ ಜೋಡಿ ಸರಿಸಮ ಇರಬೇಕು. ಒಬ್ಬನು ಕೈಚೆಲ್ಲಿದರೆ ಇನ್ನೊಬ್ಬನು ಯಾರ ಮೇಲೆ ಹಲ್ಲು ಕಡಿಯುವುದು? ಈ ಯೋಚನೆ ಮೈದಾನದಿಂದ ಹೊರಟು ತಮ್ಮನ ಹತ್ತಿರ ಹೋಗಿ ನಿಂತಿತು. ತಮ್ಮನಿಗೆ ಕೋಪ ಇದ್ದಷ್ಟು ದಿನ ಬಂದ. ಈಗ ಕೋಪವೇ ಇಲ್ಲದಿದ್ದರೆ? ಸುಮ್ಮನೆ ಮರೆತಿದ್ದರೆ? 

ಆಗ ಬಾಗಿಲಲ್ಲಿ ಯಾರೋ ಬಂದಂತಾಯಿತು. ಧಡಕ್ಕನೆ ಎದ್ದ. ಟೀಚರಮ್ಮ. ತಾವು ಕೊಟ್ಟಿದ್ದ ಎರಡು ಕುರ್ಚಿಗಳ ಕೆಲಸ ಎಲ್ಲಿಗೆ ಬಂತು ಎಂದು ನೋಡಲು ಬಂದಿದ್ದರು. ಕುರ್ಚಿಗಳು ಉದ್ದ ಸೋಫಾದ ಹಿಂದಿನ ಸಾಲಿನಲ್ಲೇ ಹೊಳೆಯುತ್ತಿದ್ದವು.

"ಇದೇನ್ರಿ, ಆಗೇ ಇದೆಯಲ್ಲ! ಮೊನ್ನೆ ಇನ್ನೂ ಇದೆ ಅಂದ್ರಿ?"

"ಇಲ್ಲ ಟೀಚರಮ್ಮ… ಇವತ್ತು ಮ್ಯಾಚು… ಜನ ಬರ್ತಾರೆ ಅಂತ…"

ಟೀಚರಮ್ಮ ಕುರ್ಚಿಗಳ ಸಾಲುಗಳನ್ನು ನೋಡಿದರು. ಆಮೇಲೆ ಅವನನ್ನು ನೋಡಿದರು. "ಯಾವ ಜನ?"

ಅವರು ಇಬ್ಬರು ಆಳುಗಳನ್ನು ಕರೆದು ಕುರ್ಚಿ ಹೊರಿಸಿಕೊಂಡು ಹೋದರು. ಹೋಗುವಾಗ ವಠಾರದ ಉಳಿದವರಿಗೂ ಫೋನಿನಲ್ಲಿ ಹೇಳುತ್ತಿದ್ದುದು ಅವನ ಕಿವಿಗೆ ಬಿತ್ತು: "ಎಲ್ಲಾ ಆಗಿದೆ ಕಣ್ರೀ, ಆಟ ನೋಡೋಕೆ ಇಟ್ಕೊಂಡಿದಾರೆ. ಬಂದು ತಗೊಂಡು ಹೋಗಿ."

ಆಮೇಲೆ ಬಂದರು ನೋಡಿ ಜನ. ಮ್ಯಾಚಿಗಲ್ಲ, ಕುರ್ಚಿಗೆ. ಕ್ಲಿನಿಕ್ಕಿನ ಕಾಂಪೌಂಡರ್ ಬಂದು "ಅಲ್ಲಿ ನಮ್ಮ ರೋಗಿಗಳು ನಿಂತಿದಾರೆ, ಇಲ್ಲಿ ಬೆಂಚಿನ ಮೇಲೆ ಗಾಳಿ ಕೂತಿದೆಯಾ?" ಎಂದು ಬೆಂಚು ಒಯ್ದ. ಒಬ್ಬ ಅಜ್ಜಿ ತನ್ನ ಆರಾಮ ಕುರ್ಚಿಯ ಮೇಲೆ ಕೈಯಾಡಿಸಿ, "ಯಾರನ್ನೂ ಕೂರಿಸಿಲ್ಲ ತಾನೇ?" ಎಂದಳು. "ಯಾರೂ ಕೂರಲಿಲ್ಲಮ್ಮ" ಎಂದ ಸೋಫಾಣ್ಣ. ಅವನು ಆ ವಾರ ಆಡಿದ ಮಾತುಗಳಲ್ಲಿ ಅದೊಂದು ಅಪ್ಪಟ ನಿಜ. ಹೀಗೆ ನಮ್ಮವರು ಬ್ಯಾಟಿಂಗಿಗೆ ಇಳಿಯುವ ಹೊತ್ತಿಗೆ ಅಂಗಡಿ ಅರ್ಧ ಬರಿದಾಗಿತ್ತು. ಬಾಗಿಲ ಪಕ್ಕದ ಒಂಟಿ ಕುರ್ಚಿಗೂ ಯಜಮಾನ ಬಂದ. ಅದನ್ನೊಂದು ನಾಳೆ ಕೊಡುತ್ತೇನೆ ಎಂದು ಸೋಫಾಣ್ಣ ಗೋಗರೆದ. "ನಿಮ್ಮ ನಾಳೆ ನೋಡಿ ನೋಡಿ ಸಾಕಾಗಿದೆ ಸ್ವಾಮಿ" ಎಂದು ಆತ ಅದನ್ನು ತಲೆಯ ಮೇಲೇ ಹೊತ್ತು ನಡೆದ.

ಉಳಿದದ್ದು ಕಾಲಿಲ್ಲದ ಉದ್ದ ಸೋಫಾ ಒಂದೇ. ಅದರ ಯಜಮಾನಿಯೂ ಫೋನು ಮಾಡಿದಳು. "ಗಾಡಿ ಕಳಿಸಿದೀನಿ. ಏರಿಸಿಕೊಡಿ."

ಗಾಡಿ ಬಂತು. ಇಳಿದದ್ದು ತಮ್ಮ.

ತಮ್ಮನ ಕಿವಿಯ ಮೇಲೆ ಕೂದಲು ಬೆಳ್ಳಗಾಗಿತ್ತು. ಅವನು ಒಳಗೆ ಬಂದು ಖಾಲಿ ನೆಲ ನೋಡಿದ, ಟೀವಿ ನೋಡಿದ.

"ಓ, ಇವತ್ತಾ ಮ್ಯಾಚು?" ಎಂದ.

ಸೋಫಾಣ್ಣ ಏನೇನೋ ನಿರೀಕ್ಷಿಸಿದ್ದ. ಮುಖ ತಿರುಗಿಸಬಹುದು, ಚುಚ್ಚಬಹುದು ಎಂದೆಲ್ಲ. ಇದನ್ನು ನಿರೀಕ್ಷಿಸಿರಲಿಲ್ಲ. "ಹೂಂ. ಇವತ್ತೇ" ಎಂದ. "ಟಾಸು ನಾವೇ ಗೆದ್ವಿ."

"ಹೌದಾ." ತಮ್ಮ ಒಂದು ಬಾಲು ನೋಡಿದ. "ಈ ಹುಡುಗರ ಹೆಸರೇ ಗೊತ್ತಾಗಲ್ಲ ಈಗ. ಎತ್ತೋಣ್ವಾ?"

ಎತ್ತಿದರು. ಅಣ್ಣ ಒಂದು ತುದಿ, ತಮ್ಮ ಒಂದು ತುದಿ.

"ಎಡಕ್ಕೆ."

"ಹಾಂ."

"ಸ್ವಲ್ಪ ಓರೆ ಮಾಡು. ಚೌಕಟ್ಟು."

"ಗೊತ್ತು."

ಬಾಗಿಲು ದಾಟುವಾಗ ಇಬ್ಬರ ಕೈಗಳೂ ಹಳೆಯ ಲಯಕ್ಕೆ ತಾವೇ ಬಂದುಬಿಟ್ಟವು. ಬಟ್ಟೆ ಎಲ್ಲೂ ತಾಗಲಿಲ್ಲ. ಸೋಫಾ ಗಾಡಿಗೆ ಏರಿತು. ತಮ್ಮ ಹಗ್ಗ ಬಿಗಿಯುತ್ತ, ಹಗ್ಗವನ್ನೇ ನೋಡುತ್ತ ಹೇಳಿದ: "ಮಗಳ ಮದುವೆ. ಗೊತ್ತಾಗಿರ್ಬೇಕಲ್ಲ."

"ಗೊತ್ತಾಯ್ತು."

"ಹೂಂ."

ಸೋಫಾಣ್ಣ ಮುಂದಿನ ಮಾತಿಗೆ ಕಾದ. ತಮ್ಮನೂ ಕಾದನೇನೋ, ಗಂಟು ಹಾಕಿದ ಹಗ್ಗಕ್ಕೆ ಇನ್ನೊಂದು ಗಂಟು ಹಾಕಿದ. ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು, ಮುಂದಿನ ಬಾಡಿಗೆಯವರು. "ಬಂದೆ, ಬಂದೆ, ಇದೊಂದು ಇಳಿಸಿ ಬಂದೆ" ಎನ್ನುತ್ತಲೇ ಗಾಡಿ ಹತ್ತಿ ಹೊರಟ. ಅಣ್ಣಾ ಎನ್ನಲಿಲ್ಲ. ಬೀದಿಗೆಲ್ಲ ಅಣ್ಣನಾದವನು ಬೀದಿಯಲ್ಲಿ ನಿಂತು ಗಾಡಿ ತಿರುವು ದಾಟುವುದನ್ನು ನೋಡಿದ.

ಅದು ಕರೆದದ್ದೋ, ಅಲ್ಲವೋ? 'ಗೊತ್ತಾಗಿರ್ಬೇಕಲ್ಲ' ಎಂದರೆ ಬಾ ಎಂದೇ, ಇಲ್ಲ, ಗೊತ್ತಿದ್ದೂ ಸುಮ್ಮನಿದ್ದೀಯಲ್ಲ ಎಂದೇ? ತಾನು 'ಗೊತ್ತಾಯ್ತು' ಎಂದದ್ದು ಹೇಗೆ ಕೇಳಿಸಿತೋ? 'ಸಂತೋಷ ಕಣೋ' ಎನ್ನಬೇಕಿತ್ತು. ನಾಲಿಗೆಯ ತುದಿಯಲ್ಲೇ ಇತ್ತು.

ಒಳಗೆ ಬಂದ. ಕೂರಲು ಏನೂ ಇರಲಿಲ್ಲ. ನಿಂತುಕೊಂಡೇ ನೋಡಿದ. ಕಟಿಂಗ್ ಅಂಗಡಿಯವನು ಹೇಳಿದ ಹಾಗೇ ಬೇಗ ಮುಗಿಯಿತು. ನಮ್ಮವರು ಗೆದ್ದರು. ಬೀದಿಯಲ್ಲಿ ಒಬ್ಬರೂ ಕೂಗಲಿಲ್ಲ. ಪಕ್ಕದಿಂದ ಕತ್ತರಿಯ ಸದ್ದು ಮಾತ್ರ ಬರುತ್ತಿತ್ತು. ಟೀವಿಯ ಹತ್ತಿರ ಹೋದಾಗ ಕಾಲಿಗೆ ತಗಡಿನ ಡಬ್ಬ ತಾಗಿತು. ಬಗ್ಗಿ ಒಳಗಿದ್ದದ್ದನ್ನು ಕೈಗೆತ್ತಿಕೊಂಡ.

ನಾಲ್ಕು ಕಾಲುಗಳು.

ತಮ್ಮ ಬಿಟ್ಟುಹೋದ ಮೇಲೆ ಇಷ್ಟು ವರ್ಷ ಪ್ರತಿ ಸೋಫಾಕ್ಕೂ ಕಾಲು ಹಾಕಿದವನು ಇವನೇ. ಒಂದು ಸಲವೂ ಮರೆತವನಲ್ಲ. ಇವತ್ತು ತಮ್ಮ ಆ ತುದಿ ಹಿಡಿದದ್ದೇ ತಡ, ಇವನ ಕೈ ತನ್ನ ಕೆಲಸ ಮುಗಿಯಿತೆಂದು ಹಳೆಯ ಕಾಲದ ಹಾಗೆ ಬಿಟ್ಟುಕೊಟ್ಟಿತ್ತು. ತಮ್ಮನೋ, ಈಗ ಬರೀ ಗಾಡಿಯವನು, ಏರಿಸಿದ, ಹೋದ.

ಸೋಫಾಣ್ಣನಿಗೆ ಒಂದು ಕ್ಷಣ ಖುಷಿಯೇ ಆಯಿತು. ಫೋನು ಮಾಡಲು ಈಗ ಕಾರಣವಿದೆ! ಕಾಲು ಉಳಿದಿದೆ ಬಾ ಎಂದರೆ ಅದು ಕರೆದ ಹಾಗಾಗುವುದಿಲ್ಲ. ಹೆಂಡತಿ ಎಂದೋ ಹಾಕಿಕೊಟ್ಟಿದ್ದ ನಂಬರನ್ನು ಒತ್ತಿದ.

"ಹಲೋ, ಯಾರು?"

ಅಣ್ಣನ ನಂಬರು ತಮ್ಮನ ಫೋನಿನಲ್ಲಿ ಇರಲಿಲ್ಲ.

"ನಾನು."

"ಓ. ಹೇಳು."

ಕಾಲು, ಮದುವೆ, ಬಿಚ್ಚಿದ ಹೊಲಿಗೆ, ಎಲ್ಲವೂ ಒಟ್ಟಿಗೇ ಗಂಟಲಿಗೆ ಬಂದವು. ಇಕ್ಕಟ್ಟಿನ ಬಾಗಿಲಲ್ಲಿ ಸಿಕ್ಕಿಕೊಂಡ ಹಾಗೆ ಒಂದೂ ಹೊರಬರಲಿಲ್ಲ.

"ಗೆದ್ವಿ" ಎಂದ.

"ಹೌದಾ. ಸರಿ. ಗಾಡಿ ಓಡಿಸ್ತಿದೀನಿ, ಇಡ್ತೀನಿ."

ಒಳಬಾಗಿಲಲ್ಲಿ ಹೆಂಡತಿ ನಿಂತಿದ್ದಳು. "ಕಾಲಿನ ವಿಷ್ಯ ಹೇಳಿದ್ರಾ?"

"ಇಲ್ಲ."

"ಮದುವೆದು ಕೇಳಿದ್ರಾ?"

"ಇಲ್ಲ."

"ಮತ್ತೇನಂದ್ರಿ?"

ಅವನು ಟೀವಿಯ ಕಡೆ ನೋಡಿದ. ಅವಳು ಬೈಯಲಿಲ್ಲ. ಅವಳು ಬೈಯದೆ ಇದ್ದಾಗ ಅವನಿಗೆ ಹೆಚ್ಚು ಭಯವಾಗುತ್ತಿತ್ತು.

ಸ್ವಲ್ಪ ಹೊತ್ತಿಗೆ ಸೋಫಾದ ಯಜಮಾನಿಯ ಫೋನು ಬಂತು. ಬೈಗುಳಕ್ಕೆ ಅವನು ಸಿದ್ಧನಾಗಿದ್ದ. ಬೈಗುಳದ ಹಿಂದೆ ಗಾಡಿಯೂ ವಾಪಸು ಬಂದೀತು ಎಂಬ ಆಸೆಯೂ ಇತ್ತು.

"ಏನ್ರಿ ಇದು, ಕಾಲೇ ಇಲ್ವಲ್ಲ!" ಅವಳ ದನಿಯಲ್ಲಿ ನಗುವಿತ್ತು. "ಇರ್ಲಿ ಬಿಡಿ, ಮಕ್ಕಳಿಗೆ ತಗ್ಗಿರೋದೇ ಇಷ್ಟ ಆಗಿದೆ. ಆ ಕಡೆ ಬಂದಾಗ ನಾವೇ ತಗೊಂಡು ಹೋಗ್ತೀವಿ."

"ಗಾಡಿಯವರನ್ನ ಕಳಿಸಿ ಅಮ್ಮಾ. ಈಗ್ಲೇ ಕೊಡ್ತೀನಿ."

"ಅವರು ಆಗ್ಲೇ ಹೋದ್ರು. ಕಾಲಿಲ್ಲ ಅಂದಿದ್ದಕ್ಕೆ ಬಗ್ಗಿ ನೋಡಿ, 'ಅದು ಮುಂಚೆ ನನ್ನ ಕೆಲಸ ಆಗಿತ್ತು' ಅಂದ್ರು. ಏನಂತ ನನಗೆ ಅರ್ಥ ಆಗ್ಲಿಲ್ಲ."

"ಮತ್ತೆ… ಮತ್ತೇನಾದ್ರೂ ಅಂದ್ರಾ?"

"ಏನಿಲ್ಲಪ್ಪ. ಸ್ವಲ್ಪ ಹೊತ್ತು ನಿಂತಿದ್ರು. ಆಮೇಲೆ ಹೋದ್ರು."

ಸೋಫಾಣ್ಣ ಫೋನು ಜೇಬಿಗೆ ಹಾಕಿದ. ನಾಲ್ಕು ಕಾಲುಗಳು ಇನ್ನೂ ಕೈಯಲ್ಲೇ ಇದ್ದವು. ಡಬ್ಬಕ್ಕೆ ಹಾಕಲು ಮನಸ್ಸು ಬರಲಿಲ್ಲ. ಹಿಡಿದುಕೊಂಡು ಏನು ಮಾಡಬೇಕೆಂದೂ ತಿಳಿಯಲಿಲ್ಲ. ಟೀವಿಯಲ್ಲಿ ಕೋಟು ಹಾಕಿಕೊಂಡ ಇಬ್ಬರು ಕೂತು, ಈ ಎರಡು ತಂಡಗಳು ಮತ್ತೆ ಯಾವಾಗ ಎದುರಾಗುತ್ತವೆ ಎಂದು ಮಾತಾಡುತ್ತಿದ್ದರು. ಖಾಲಿ ಅಂಗಡಿಯಲ್ಲಿ ಅವರ ಮಾತು ಗುಂಯ್‌ಗುಟ್ಟಿ ಸರಿಯಾಗಿ ಕೇಳುತ್ತಿರಲಿಲ್ಲ. ಸೋಫಾಣ್ಣ ಹತ್ತಿರ ಹೋಗಿ ದನಿ ಹೆಚ್ಚಿಸಿದ.