ಒತ್ತಿ, ಬಿಡಿ

ಠಣ್ ಅಂತು ಏನೋ, ಕೆಳಗೆ, ಸ್ಪ್ಯಾನರ್ ಇರಬೇಕು, ಆ ಸದ್ದು ತಗಡಿನ ನೆಲ ಹಿಡಿದು ಬಂದು ನೇರ ನನ್ನ ಹಿಮ್ಮಡಿಗೇ ತಾಗ್ತು, ಬಸ್ಸಿನ ಹೊಟ್ಟೆ ಕೆಳಗೆ ಗುಂಡಿಯಲ್ಲಿ ನಿಂತಿರೋ ಮೇಸ್ತ್ರಿ ಕಾಣಲ್ಲ, ದನಿ ಮಾತ್ರ, ಒತ್ತಿ ತಾಯಿ — ಒತ್ತಿದೆ — ಬಿಡಿ — ಬಿಟ್ಟೆ, ಉಸ್ಸ್ ಅಂತ ಗಾಳಿ ಹೋಯ್ತು, ಇನ್ನೊಂದ್ಸಲ ಒತ್ತಿ, ಹೂಂ ಬಿಡಿ, ಅಯ್ಯೋ ಇದೇ ಮಾತು, ಇದೇ ರಾಗ, ಆಸ್ಪತ್ರೆಯ ಫಿಸಿಯೋ ಹುಡುಗೀನೂ ಹೀಗೇ ಹೇಳ್ತಿದ್ಲು, ನನ್ನ ಪಾದದ ಕೆಳಗೆ ತನ್ನ ಅಂಗೈ ಇಟ್ಟು, ಒತ್ತಿ ಆಂಟಿ, ನನ್ನ ಕೈಯನ್ನ ತಳ್ಳಿ, ಬಿಡಿ, ಮತ್ತೆ ಒತ್ತಿ, ಎಲ್ಲಿ, ಇಷ್ಟೇನಾ, ಅಷ್ಟು ದೊಡ್ಡ ಬಸ್ಸನ್ನ ನಿಲ್ಲಿಸೋ ಕಾಲಾ ಇದು ಅಂತ ನಗ್ತಿದ್ಲು. ಆಗ ನನಗೂ ನಗು ಬರ್ತಿತ್ತು. ಈಗ ಬರಲ್ಲ, ಕೈ ಸ್ಟಿಯರಿಂಗ್ ಮೇಲಿದೆ, ಬೆರಳಿನ ಗೆಣ್ಣುಗಳು ಬೆಳಗಿನ ಹೊತ್ತು ಹೀಗೇ, ದಪ್ಪಗೆ, ಬಿಸಿಯಾಗಿ, ನನ್ನವೇ ಅಲ್ಲ ಅನ್ನೋ ಹಾಗೆ. ಕೈ ಬಿಡು, ಕೈಯದು ಹೇಗೋ ನಡೆಯುತ್ತೆ. ಒತ್ತಿ ಅಂದೆ ತಾಯಿ, ಕೇಳಿಸ್ತಾ? ಕೇಳಿಸ್ತು ಮೇಸ್ತ್ರಿ, ಒತ್ತಿದೀನಿ ನೋಡಿ — ಒತ್ತಿದೀನಾ? ಇಲ್ಲ, ಈಗ ಒತ್ತಿದೆ. ಕೇಳಿಸಿದ್ದಕ್ಕೂ ಒತ್ತಿದ್ದಕ್ಕೂ ನಡುವೆ ಒಂದು ಖಾಲಿ ಜಾಗ ಇತ್ತು, ಅವರಿಗೆ ಗೊತ್ತಾಗಲಿಲ್ಲ, ನನಗೆ ಗೊತ್ತಾಯ್ತು.

ಆ ಖಾಲಿ ಜಾಗದಲ್ಲೇ ನಿನ್ನೆ ಆ ಕೊಡೆ ಇತ್ತು. ಹಳದಿ ಕೊಡೆ. ಉರಿಬಿಸಿಲು, ಸಿಗ್ನಲ್‌ನ ತಿರುವು, ಬಸ್ಸೊಳಗೆ ನಿಂತೋರೆಲ್ಲ ಒಬ್ಬರ ಮೇಲೊಬ್ಬರು, ನಾನು ದಿನಾ ನಿಲ್ಲಿಸೋ ಜಾಗದಲ್ಲಿ ನಿಲ್ಲಿಸಬೇಕು ಅಂತ ಕಾಲಿಗೆ ಹೇಳಿದೆ, ಹೇಳೋದೇನು, ಇಷ್ಟು ವರ್ಷ ಹೇಳೇ ಇರಲಿಲ್ಲ, ಕಾಲು ತಾನಾಗೇ ಹೋಗಿ ಬ್ರೇಕ್ ಮೇಲೆ ಕೂರ್ತಿತ್ತು, ನಿನ್ನೆ ಮನಸ್ಸು ಒತ್ತಿಬಿಟ್ಟಿತ್ತು, ಕಾಲು ಒತ್ತಿರಲಿಲ್ಲ, ಮರದ ತುಂಡಿನ ಹಾಗೆ ಅಲ್ಲೇ ಕೂತಿತ್ತು, ಏಯ್ ಒತ್ತೇ ಅಂತ ಒಳಗೇ ಕಿರುಚಿಕೊಂಡೆ, ಆಮೇಲೆ ಸೊಂಟದಿಂದ ಇಡೀ ಕಾಲನ್ನೇ ಎತ್ತಿ ಬ್ರೇಕ್ ಮೇಲೆ ಬೀಳಿಸಿದೆ, ಬಸ್ಸು ಮುಗ್ಗರಿಸಿ ನಿಂತಿತು, ನಿಂತೋರೆಲ್ಲ ಮುಂದಕ್ಕೆ ಬಿದ್ರು, ಯಾರೋ ಬೈದ್ರು, ಹೆಂಗಸಿನ ಕೈಗೆ ಬಸ್ ಕೊಟ್ರೆ ಇನ್ನೇನಾಗುತ್ತೆ ಅಂತ ಯಾರೋ ಮೂಗು ಮುರಿದ್ರು, ನಾನು ಏನೂ ಕೇಳಿಸ್ಕೊಳ್ಳಲಿಲ್ಲ, ಗಾಜಿನ ಕೆಳತುದಿಯಲ್ಲಿ ಕೊಡೆಯ ನೆತ್ತಿ ಕಾಣ್ತಿತ್ತು, ಅಷ್ಟೇ, ಹಳದಿ ಬಟ್ಟೆ, ನಡುವೆ ಒಂದು ಕರಿ ಗುಂಡಿ, ಗಾಜಿಗೆ ತಾಗಿದೆಯೋ ಇಲ್ಲವೋ ಅನ್ನೋ ಹಾಗೆ. ಕೆಳಗೆ ಯಾರಿದ್ರೋ, ಗಂಡಸೋ ಹೆಂಗಸೋ, ಮಗು ಎತ್ತಿಕೊಂಡಿದ್ರೋ ಏನೋ, ಒಂದೂ ಗೊತ್ತಿಲ್ಲ. ಕೊಡೆ ಗಾಬರಿ ಬೀಳಲಿಲ್ಲ. ತಿರುಗಿ ನೋಡಲಿಲ್ಲ. ಮೆಲ್ಲಗೆ ಹೊರಟು, ತೇಲಿಕೊಂಡು ಆ ಕಡೆ ಹೋಯ್ತು. ಹಿಂದಿನಿಂದ ಕಂಡಕ್ಟರ್ ಓಡಿ ಬಂದ, ಬ್ರೇಕ್ ಹಿಡೀಲಿಲ್ವಾ ಮೇಡಂ? ಪಾಪ, ಅವನೇ ಮಾತು ಜೋಡಿಸಿ ಕೈಗೆ ಕೊಟ್ಟ, ನಾನು ಹೂಂ ಕಣಪ್ಪಾ, ಯಾಕೋ ಹಿಡೀತಿಲ್ಲ ಅಂದೆ. ಅಷ್ಟೇ ಅಂದಿದ್ದು. ಆ ಒಂದು ಹೂಂಗೆ ಈಗ ಮೇಸ್ತ್ರಿ ಬೆಳಗಾಗೋ ಮೊದಲೇ ಬಂದು ಎಲ್ಲಾ ಚಕ್ರ ಬಿಚ್ಚಿ ಕಟ್ಟಿ, ಎಣ್ಣೆ ಮಸಿ ಮೆತ್ತಿಕೊಂಡು ಗುಂಡಿಯಲ್ಲಿ ಹುಡುಕ್ತಿದ್ದಾರೆ, ಇಲ್ಲದ ಕಾಯಿಲೆಯನ್ನ.

ಇಲ್ಲೇನೂ ಕಾಣ್ತಿಲ್ವಲ್ಲ ತಾಯಿ, ಗುಂಡಿಯಿಂದ ದನಿ, ಹೊಸ ಮದುಮಗಳ ಹಾಗಿದೆ ನಿಮ್ಮ ಬ್ರೇಕು. ಇರುತ್ತೆ ಮೇಸ್ತ್ರಿ, ಇನ್ನೊಂದ್ಸಲ ನೋಡಿ. ಯಾಕಂದೆ ಹಾಗೆ? ಸಿಗಲಿ ಅಂತಲೇ, ಏನಾದ್ರೂ ಸಿಗಲಿ, ಒಂದು ಸವೆದ ರಬ್ಬರ್, ಒಂದು ಸಡಿಲ ಬೋಲ್ಟು, ಸಿಕ್ಕಿಬಿಟ್ರೆ ಕೊಡೆಯ ತಪ್ಪು ಅದರ ತಲೆ ಮೇಲೆ ಹೋಗುತ್ತೆ, ನನ್ನ ಕಾಲು ನನಗೆ ವಾಪಸ್ ಬರುತ್ತೆ. ನೋಡೇ ಕಾಲೇ, ನಿನ್ನ ಜೊತೆ ಜಗಳ ಇಲ್ಲ, ಸ್ವಲ್ಪ ಅಲ್ಲಾಡು, ಹುಡುಗಿ ಹೇಳಿಕೊಟ್ಟ ಹಾಗೆ, ಬೆರಳು ಮೇಲೆ, ಬೆರಳು ಕೆಳಗೆ, ಗಾಳಿಯಲ್ಲಿ ಸೊನ್ನೆ ಬರೆದ ಹಾಗೆ ಪಾದ ತಿರುಗಿಸು — ಅಮ್ಮಾ, ಇಲ್ಲ, ಅರ್ಧ ಸೊನ್ನೆಗೇ ನಿಲ್ಲುತ್ತೆ. ಮೊದಲು ಪೂರಾ ಬರ್ತಿತ್ತು. ಆಸ್ಪತ್ರೆಯ ಆ ಉದ್ದ ಕೋಣೆ, ಗೋಡೆ ತುಂಬ ಕನ್ನಡಿ, ಕಂಬಿ ಹಿಡಿದು ನಿಂತ ನಮ್ಮಂಥ ಗಂಟುನೋವಿನೋರ ಸಾಲು, ಹಿಮ್ಮಡಿ ಎತ್ತಿ, ಇಳಿಸಿ, ಎತ್ತಿ, ನನ್ನ ಪಕ್ಕ ಒಬ್ಬ ಮುದುಕ, ಬಡಗಿಯಂತೆ, ನಾವೇನು ಕೊಕ್ಕರೆಗಳಾ ಅಂತ ಗೊಣಗ್ತಾನೇ ಎತ್ತೋನು, ಆ ಹುಡುಗಿ ರಬ್ಬರ್ ಪಟ್ಟಿ ಕೊಟ್ಟು, ಇದನ್ನ ಮನೆ ಕಿಟಕಿ ಸರಳಿಗೆ ಕಟ್ಟಿ ಆಂಟಿ, ಪಾದಕ್ಕೆ ಹಾಕಿ ಎಳೀರಿ, ದಿನಾ. ದಿನವಿಡೀ ಬ್ರೇಕು ಕ್ಲಚ್ಚು ಒತ್ತೋದೇ ಆಯ್ತಲ್ಲಮ್ಮಾ, ಅದಕ್ಕಿಂತ ವ್ಯಾಯಾಮ ಬೇಕಾ? ಬೇಕು, ಅದು ದುಡಿಮೆ, ಒಂದೇ ಕಡೆ ಒಂದೇ ಥರ, ಅದರಿಂದ ಗಂಟು ದಣಿಯುತ್ತೆ, ಇದರಿಂದ ಗಂಟಿನ ಸುತ್ತ ಬಲ ಬರುತ್ತೆ. ನೋವಾದ್ರೆ? ಸ್ವಲ್ಪ ನೋವು, ಸ್ವಲ್ಪ ಹೊತ್ತಿಗೆ ಹೋದ್ರೆ ಹೆದರಬೇಡಿ. ಊದಿಕೊಂಡು ಬಿಸಿಯಾದ್ರೆ ಕಡಿಮೆ ಮಾಡಿ. ನಿಲ್ಲಿಸಬೇಡಿ ಆಂಟಿ, ಏನಾದ್ರೂ ಮಾಡಿ, ಪೂರ್ತಿ ಮಾತ್ರ ನಿಲ್ಲಿಸಬೇಡಿ. ಹೇಳಿದ್ಲು. ತಲೆ ಮೇಲೆ ಹೊಡೆದ ಹಾಗೆ ಹೇಳಿದ್ಲು.

ನಿಲ್ಲಿಸಿದೆ. ಆ ಸದ್ದಿಗೆ ನಿಲ್ಲಿಸಿದೆ, ಅಡುಗೆಮನೆಯ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿದ್ದೆ, ಟಕ್ ಅಂತು ಒಳಗೆ, ಒಣ ಕಡ್ಡಿ ಮುರಿದ ಹಾಗೆ, ನೋವೇನೂ ಇಲ್ಲ, ಸದ್ದು ಮಾತ್ರ, ಆದ್ರೆ ಜೀವ ಬಾಯಿಗೆ ಬಂತು, ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ, ಹೋಯ್ತು, ಮುರೀತು, ಇನ್ನು ನಡೆಯೋ ಹಾಗಿಲ್ಲ, ಇವರು ಹಲ್ಲುಜ್ಜೋದು ಬಿಟ್ಟು ನೊರೆ ಬಾಯಲ್ಲೇ ಓಡಿ ಬಂದ್ರು. ಇವರು ಒಳ್ಳೆಯೋರು, ನನ್ನ ಗಂಡ ಅಂತ ಹೇಳ್ತಿಲ್ಲ, ನಿಜವಾಗೂ ಒಳ್ಳೆಯೋರು, ಅದೇ ನನಗೆ ಈಗ ಭಯ. ಆ ಹುಡುಗಿಗೇನು ಗೊತ್ತು, ಪುಸ್ತಕ ಓದ್ಕೊಂಡು ಬಂದಿರೋಳು, ಸವೆದಿರೋದನ್ನ ಇನ್ನೂ ತಿಕ್ಕಿದ್ರೆ ಉಳಿಯುತ್ತಾ, ಮಲಕ್ಕೋ, ನಾನಿದೀನಲ್ಲ ಅಂದ್ರು. ಎಷ್ಟು ಹಿತವಾಗಿತ್ತು ಆ ಮಾತು. ಮಲಗಿದೆ. ಬಟ್ಟೆ ಇವರೇ ಹಿಂಡಿದ್ರು, ಕೊಡ ಇವರೇ ಎತ್ತಿದ್ರು, ಚಪ್ಪಲಿ ತಂದು ಕಾಲ ಹತ್ತಿರ ಇಟ್ರು, ರಬ್ಬರ್ ಪಟ್ಟಿ ಕಿಟಕಿಯಿಂದ ಬಿಚ್ಚಿ ಹಳೇ ಪೇಪರ್ ಕಟ್ಟು ಬಿಗಿದ್ರು, ಒಳ್ಳೇ ಗಟ್ಟಿ ಪಟ್ಟಿ ಕಣೇ ಅಂದ್ರು. ನಾನೂ ನಕ್ಕೆ. ಡ್ಯೂಟಿಗೆ ಬಂದು ಕೂರೋದು, ಮನೆಗೆ ಹೋಗಿ ಮಲಗೋದು, ಕೂರೋದು, ಮಲಗೋದು, ಒಂದೊಂದು ಬೆಳಗ್ಗೆಯೂ ಮಂಚದಿಂದ ಕಾಲು ಕೆಳಗಿಳಿಸೋಕೆ ಇನ್ನೊಂಚೂರು ಹೊತ್ತು, ಇನ್ನೊಂಚೂರು, ಅದನ್ನ ನಾನು ರಾತ್ರಿ ಚಳಿ ಅಂದ್ಕೊಂಡೆ, ಹೊಸ ಚಪ್ಪಲಿ ಅಂದ್ಕೊಂಡೆ, ವಯಸ್ಸು ಅಂದ್ಕೊಂಡೆ, ಏನೇನೋ ಅಂದ್ಕೊಂಡೆ. ನಿನ್ನೆ ಕೊಡೆ ಬಂದು ನಿಂತಿತು.

ಮತ್ತೆ ನಿನ್ನೆ ಸಂಜೆ ಆ ದಿಂಬು. ಕೊಡೆ ವಿಷಯ ಇವರಿಗೆ ಹೇಳಲಿಲ್ಲ, ಬ್ರೇಕ್ ಕೆಟ್ಟಿದೆ ಅಂತಷ್ಟೇ ಹೇಳಿದೆ, ಮುಖ ಸಪ್ಪಗಿದೆ, ಪಾಪ ಸುಸ್ತು ಅಂತ ಬಿಸಿನೀರಿನ ಚೀಲ ತಂದ್ರು, ಆಮೇಲೆ ಒಂದು ದಿಂಬು ತಂದು ಎರಡೂ ಮಂಡಿ ಕೆಳಗೆ ಸೇರಿಸಿದ್ರು, ಹೀಗೆ ಮಡಚಿ ಇಟ್ಕೋ, ಹಾಯಾಗಿರುತ್ತೆ — ಅಯ್ಯೋ ದೇವರೇ, ಅದೇ ಮಾತು, ಅಕ್ಕನಿಗೆ ಅಮ್ಮ ಹೇಳಿದ ಮಾತು, ಅಕ್ಷರ ಬಿಡದೆ ಅದೇ. ಅಕ್ಕನಿಗೂ ಇದೇ ಕಾಯಿಲೆ, ನನಗಿಂತ ಎಷ್ಟೋ ಮೊದಲು, ಆಗ ಯಾರಿಗೂ ಏನೂ ಗೊತ್ತಿಲ್ಲ, ಅಲ್ಲಾಡಬೇಡ ಮಗಳೇ ಅನ್ನೋಳು ಅಮ್ಮ, ಬಾಯಿಗೆ ತುತ್ತು ಇಡೋಳು, ಎದ್ರೆ ಬೈಯೋಳು, ಭಾವ ಎತ್ತಿಕೊಂಡು ಹೋಗಿ ಎತ್ತಿಕೊಂಡು ಬರೋರು, ಮಂಡಿ ಕೆಳಗೆ ಸದಾ ದಿಂಬು, ಎಲ್ಲಾರೂ ಅವಳನ್ನ ಎಷ್ಟು ಮುದ್ದಾಗಿ ನೋಡಿಕೊಂಡ್ರು ಅಂದ್ರೆ ಒಂದು ದಿನ ದಿಂಬು ತೆಗೆದಾಗ ಕಾಲು ಕೆಳಗಿಳೀಲಿಲ್ಲ. ಮಡಚಿದ್ದು ಮಡಚಿದ ಹಾಗೇ, ಗಾಳಿಯಲ್ಲಿ. ಈಗಲೂ ಫೋನಲ್ಲಿ ನಗ್ತಾಳೆ, ನನ್ನ ಕಾಲು ಕುರ್ಚಿಯ ಆಕಾರಕ್ಕೇ ಬಂದ್ಬಿಟ್ಟಿದೆ ಕಣೇ, ಕುರ್ಚಿ ಎಳೆದ್ರೂ ನಾನು ಕೂತೇ ಇರ್ತೀನಿ, ಅಂತ. ನಕ್ಕು ಮುಗಿಸಿ, ನಿಲ್ಲಿಸಬೇಡ ಕಣೇ, ನೀನು ಓಡಾಟ ನಿಲ್ಲಿಸಬೇಡ, ಯಾರು ಕೂರು ಅಂದ್ರೂ ಕೂರಬೇಡ ಅಂತಾಳೆ. ನಿನ್ನೆ ಆ ದಿಂಬು ತೆಗೀರಿ ಅನ್ನೋಕೆ ಬಾಯಿ ಬರಲಿಲ್ಲ, ಇವರ ಮುಖ ನೋಡಿ ಬರಲಿಲ್ಲ, ಕಣ್ಣು ಮುಚ್ಚಿ ಮಲಗಿದ್ದೆ.

ಮೇಸ್ತ್ರಿ ಗುಂಡಿಯಿಂದ ಮೇಲೆ ಬಂದ್ರು, ಬೋಳು ತಲೆ ಮೇಲೆ ಒಂದು ಗ್ರೀಸಿನ ಗೆರೆ, ಚಿಂದಿ ಬಟ್ಟೆಯಲ್ಲಿ ಕೈ ಒರೆಸ್ತಾ, ನೋಡಿ ತಾಯಿ, ಅಡಿಯಿಂದ ಮುಡಿವರೆಗೆ ಜಾಲಾಡಿದೀನಿ, ಬ್ರೇಕು ಕಲ್ಲಿನ ಹಾಗಿದೆ, ಬನ್ನಿ, ಒಂದು ಕೈ ನೋಡೇಬಿಡೋಣ. ಬೇಡ. ಇದನ್ನೇ ಮರೆತಿದ್ದೆ, ಇದನ್ನ ಹೇಗೆ ಮರೆತೆ, ನಮ್ಮ ಡಿಪೋದ ಪದ್ಧತಿ, ಬ್ರೇಕ್ ಬಿಚ್ಚಿ ಕಟ್ಟಿದೋರೇ ಬಿಳಿ ಗೆರೆಯ ಮೇಲೆ ನಿಲ್ಲೋದು, ಡ್ರೈವರ್ ಬಸ್ಸನ್ನ ಅವರ ಕಡೆ ಓಡಿಸಿ ಗೆರೆಗೆ ನಿಲ್ಲಿಸೋದು, ಕೆಲಸದ ಮೇಲೆ ನಂಬಿಕೆ ಇದ್ರೆ ಎದುರು ನಿಲ್ಲು ಅನ್ನೋ ಲೆಕ್ಕ, ಬೇರೆ ಮೇಸ್ತ್ರಿಗಳು ಬಸ್ಸಿನ ಕಡೆ ಮುಖ ಮಾಡಿ ನಿಲ್ತಾರೆ, ಒಂದು ಕಾಲು ಹಿಂದಿಟ್ಟು, ಈ ಮಹಾರಾಯರು ಮಾತ್ರ ಬೆನ್ನು ತಿರುಗಿಸಿ ನಿಲ್ಲೋದು, ಅದು ಇವರ ಗತ್ತು, ಹುಡುಗರೆಲ್ಲ ಸೀಟಿ ಹೊಡೀತಾರೆ. ಇದು ಬ್ರೇಕಿನ ಪರೀಕ್ಷೆ. ಕಾಲನ್ನ ಯಾರು ಪರೀಕ್ಷೆ ಮಾಡ್ತಾರೆ? ಆಗಲೇ ಹೋಗಿ ನಿಂತ್ರು. ಬೆನ್ನು ನನಗೆ. ಬನ್ನಿ ತಾಯಿ, ಆರಾಮಾಗಿ ಬನ್ನಿ. ಎಂಜಿನ್ ಚಾಲೂ ಮಾಡಿದೆ, ಯಾಕೆ ಮಾಡಿದೆ, ಕೈ ತಾನಾಗೇ ಮಾಡ್ತು, ಹ್ಯಾಂಡ್‌ಬ್ರೇಕ್ ಇನ್ನೂ ಹಾಕಿದೆ, ಅದರ ಮೇಲೆ ಕೈ ಇದೆ, ತೆಗೆದ್ರೆ ಹೊರಡುತ್ತೆ. ಹೇಳಿಬಿಟ್ರೆ? ಹೇಳಿಬಿಟ್ರೆ ಇವತ್ತೇ ಇಳಿಸ್ತಾರೆ, ಡಾಕ್ಟರ್ ನೋಡ್ತಾರೆ, ಆಮೇಲೆ ಮನೆ, ಮಂಚ, ದಿಂಬು, ಹಾಯಾಗಿರುತ್ತೆ ಕಣೇ, ಒಂದು ದಿನ ದಿಂಬು ತೆಗೆದ್ರೂ ಕಾಲು ಗಾಳಿಯಲ್ಲಿ — ಬೇಡ, ಬೇಡ, ನನಗೆ ಈ ಸೀಟು ಬೇಕು, ಈ ಎತ್ತರ ಬೇಕು, ಬೆಳಗಿನ ಖಾಲಿ ರಸ್ತೆ ಬೇಕು. ಹೇಳದಿದ್ರೆ ಇವತ್ತು ಒಂದು ಸಲ ಹಿಡಿಯುತ್ತೆ, ನಾಳೆ ಹಿಡಿಯುತ್ತೆ. ಇನ್ನೊಂದು ದಿನ? ಒತ್ತು ಅಂದೆ ಕಾಲಿಗೆ, ಸುಮ್ಮನೆ, ನೋಡೋಣ ಅಂತ. ಒತ್ತು. ಮೇಸ್ತ್ರಿ ಕೈ ಪಕ್ಕಕ್ಕೆ ಹಿಡಿದು ಒರೆಸ್ತಿದ್ದಾರೆ. ಒತ್ತೇ. ಒಂದು ಬೆರಳು ಒರೆಸಿದ್ರು, ಇನ್ನೊಂದು ಬೆರಳಿಗೆ ಹೋದ್ರು, ಆಗ ಬಂತು ಕಾಲು, ಬಂದು ಕೂತಿತು, ಎಷ್ಟು ತಡ, ಅಯ್ಯಪ್ಪಾ ಎಷ್ಟು ತಡ.

ಕೀಲಿ ತಿರುಗಿಸಿದೆ. ಎಂಜಿನ್ ನಿಂತಿತು. ಎಲ್ಲೋ ಒಂದು ನಲ್ಲಿ ತೊಟ್ಟಿಕ್ತಿದೆ. ಏನ್ ತಾಯಿ, ಆಫಾಯ್ತಾ, ಈಗ ಎಂಜಿನ್ನೂ ಕೆಟ್ಟಿದೆ ಅಂತೀರಾ, ನಗ್ತಿದ್ದಾರೆ, ತಿರುಗಿಲ್ಲ, ನನ್ನ ಮೇಲೆ ಅಷ್ಟು ನಂಬಿಕೆ. ಆ ಹುಡುಗಿ ಏನೋ ಅಂದಿದ್ಲಲ್ಲ, ಬಿಟ್ಟದ್ದು ಬೇಗ ಬರಲ್ಲ ಆಂಟಿ, ಆದ್ರೆ ಬರುತ್ತೆ, ನಾಳೆ ಬರಲ್ಲ, ಬರುತ್ತೆ. ಮನೇಲಿ ಇವರಿಗೆ ಹೇಳ್ಬೇಕು, ದಿಂಬು ತೆಗೀರಿ, ಪೇಪರ್ ಕಟ್ಟು ಬಿಚ್ಚಿ, ಆ ಪಟ್ಟಿ ಕಿಟಕಿಗೆ ಕಟ್ಟಿಕೊಡಿ ಅಂತ, ಟಕ್ ಅಂದ್ರೆ ಅನ್ನಲಿ, ಅದನ್ನ ಆಮೇಲೆ ಹೇಳೋಣ, ಮೊದಲು ಇದು, ಬಾಯಿ ಬಿಡು, ಬಿಡೇ — ಮೇಸ್ತ್ರಿ. ಮೇಸ್ತ್ರಿ, ಅಲ್ಲಿಂದ ಪಕ್ಕಕ್ಕೆ ಬನ್ನಿ. ಕೆಟ್ಟಿರೋದು ಬ್ರೇಕ್ ಅಲ್ಲ, ನನ್ನ ಕಾಲು. ಅಂದೆ. ಜೋರಾಗೇ ಅಂದೆ, ಶೆಡ್ಡಿನ ತಗಡಿಗೆ ಬಡಿದು ವಾಪಸ್ ಬಂತು ನನ್ನ ದನಿ. ನಿನ್ನೆ ಒಬ್ಬರು ಚಕ್ರದಡಿ ಹೋಗಿಬಿಡ್ತಿದ್ರು ಮೇಸ್ತ್ರಿ. ಕೈ ಒರೆಸೋದು ನಿಂತಿತು. ಇನ್ನೂ ತಿರುಗಿಲ್ಲ. ಇಡೀ ಮೈ ನಡುಗ್ತಿದೆ, ಬಲಗಾಲು ಒಂದೇ ಸುಮ್ಮನಿದೆ, ಒತ್ತು, ಬಿಡು, ಒತ್ತು, ತಿರುಗಿ ನೋಡಿ ಮೇಸ್ತ್ರಿ, ಯಾರಾದ್ರೂ ಒಬ್ಬರು ತಿರುಗಿ ನೋಡಿ, ಗಾಜಿನ ಕೆಳತುದಿಯಲ್ಲಿ ಒಂದು ನೆತ್ತಿ, ಬೋಳು, ಅಲ್ಲ, ಹಳದಿ, ನಡುವೆ ಕರಿ ಗುಂಡಿ, ಹಳದಿ ಕೊಡೆ, ಅದು ತಿರುಗಿ ನೋಡಲಿಲ್ಲ, ಹಳದಿ ಕೊಡೆ.